ಈಡಿಯಟ್‌ಗಳಿಗೆ ಮಾತ್ರ ಪ್ರವೇಶ

ಪಲ್ಯೊಮಿಲೊಸ್ ಎಂಬ ಆ ಕಡಲದಂಡೆಯ ಊರಿಗೆ ಒಂದು ಇಗರ್ಜಿಯಿತ್ತು, ಎರಡು ಕಾಫಿ ಅಂಗಡಿಗಳಿದ್ದವು, ಜಗತ್ತಿನ ಸಕಲ ಭಾಷೆಗಳ ಮೇಲೆ ಸಂಪೂರ್ಣ ಹಕ್ಕೂ ಇತ್ತು. ಈ ಹಕ್ಕಿನ ಚಲಾವಣೆ ಬೆಳಗಿನ ಮೊದಲ ಕಾಫಿಯೊಂದಿಗೆ ಶುರುವಾಗುತ್ತಿತ್ತು. ಟೆಲಿಫೋನ್ ನಮ್ಮ ಗ್ರೀಕ್ ಪದ. ಡೆಮಾಕ್ರಸಿ ನಮ್ಮದು. ಪ್ರಾಬ್ಲಮ್ ನಮ್ಮದು. ಕ್ರೈಸಿಸ್ ಅಂತೂ ಕೇಳುವುದೇ ಬೇಡ, ಪದವೂ ನಮ್ಮದೇ, ಸರಕೂ ನಮ್ಮದೇ. ವಾಟ್ಸಾಪ್ ಬಗ್ಗೆ ಮಾತ್ರ ಇನ್ನೂ ತೀರ್ಮಾನವಾಗಿರಲಿಲ್ಲ. ಮೀನುಗಾರರ ಮೇಜಿನಲ್ಲಿ ವಿಷಯ ಪರಿಶೀಲನೆಯಲ್ಲಿತ್ತು.

ಇಷ್ಟೆಲ್ಲ ಪದಗಳನ್ನು ಲೋಕಕ್ಕೆ ದಾನ ಮಾಡಿದವರು, ಹೋದ ಪದಗಳು ಅಲ್ಲಿ ಹೇಗಿವೆ, ಉಂಡವೇ ಬಿಟ್ಟವೇ ಎಂದು ವಿಚಾರಿಸುವ ಗೋಜಿಗೆ ಮಾತ್ರ ಹೋಗಿರಲಿಲ್ಲ. ಮಗಳನ್ನು ದೂರದ ಊರಿಗೆ ಮದುವೆ ಮಾಡಿ ಕೊಟ್ಟು, ಆಮೇಲೆ ಎರಡು ಸಾವಿರ ವರ್ಷ ಆ ಕಡೆ ತಲೆಯೇ ಹಾಕದ ತವರಿನ ಹಾಗೆ.

ಅರ್ಗಿರೊ ಈ ಚರ್ಚೆಗಳಿಗೆ ಹೋಗುತ್ತಿರಲಿಲ್ಲ. ಹಾಗೆ ನೋಡಿದರೆ ಆಕೆ ಯಾವ ಚರ್ಚೆಗೂ ಹೋಗುತ್ತಿರಲಿಲ್ಲ. ಪಾತ್ರಾಸ್ ನಗರದಲ್ಲಿ ಕಾಲೇಜು ಓದಿ, ಪಕ್ಕದ ಪಟ್ಟಣದ ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತಳಾದ ಹೆಂಗಸು. ನೋಡಿದ್ದೆಲ್ಲ ತಿಳಿಯುತ್ತಿತ್ತು, ತಿಳಿದಿದ್ದು ಯಾವುದೂ ಬಾಯಿಗೆ ಬರುತ್ತಿರಲಿಲ್ಲ. ಊರಿನಲ್ಲಿ ಯಾರಾದರೂ ಅಭಿಪ್ರಾಯ ಕೇಳಿದರೆ ಆಕೆಯದು ಒಂದೇ ಉತ್ತರ: "ನಾನು ಇಡಿಯೋತಿಸ್ ಕಣ್ರಪ್ಪಾ, ನನ್ನನ್ನ ಬಿಟ್ಟುಬಿಡಿ." ಇಡಿಯೋತಿಸ್ ಎಂದರೆ ಖಾಸಗಿ ವ್ಯಕ್ತಿ. ಯಾವ ಪಕ್ಷಕ್ಕೂ ಕಮಿಟಿಗೂ ಕಂಪನಿಗೂ ಸೇರದೆ ತನ್ನ ಪಾಡಿಗೆ ತಾನಿರುವವರು. ಮರ್ಯಾದೆಯ ಪದ, ತೆರಿಗೆ ಕಚೇರಿಯಲ್ಲೂ ಅದನ್ನೇ ಬರೆಯುತ್ತಾರೆ.

ಆಕೆ ಹೀಗಾಗಿದ್ದಕ್ಕೆ ಕಾರಣವಿಲ್ಲದಿರಲಿಲ್ಲ. ಅಪ್ಪ ಕ್ಷೌರಿಕ. ದೇಶವನ್ನು ಕರ್ನಲ್‌ಗಳು ಆಳುತ್ತಿದ್ದ ಕಾಲದಲ್ಲಿ ಒಂದು ದಿನ ಗಿರಾಕಿಯ ಗಲ್ಲಕ್ಕೆ ಸಾಬೂನು ಹಚ್ಚುತ್ತಾ, "ಈ ಟೋಪಿಯವರು ಬಂದಮೇಲೆ ರೇಡಿಯೋದಲ್ಲಿ ಬರೀ ಬ್ಯಾಂಡೇ ಆಯ್ತು" ಎಂದಿದ್ದ. ಸಂಗೀತ ವಿಮರ್ಶೆ ಅಷ್ಟೇ. ಅದಕ್ಕೆ ಒಂದು ಮರವೂ ಇಲ್ಲದ ದ್ವೀಪದಲ್ಲಿ ಒಂದು ವರ್ಷ ಇರಿಸಿಕೊಂಡರು. ಮರಳಿ ಬಂದವನು ಸಾಯುವ ತನಕ "ಸರಿ" ಎಂಬ ಒಂದೇ ಮಾತಿನಲ್ಲಿ ಸಂಸಾರ ನಡೆಸಿದ. ಬಾಯಿ ಬಿಡದ ಕ್ಷೌರಿಕನ ಬಳಿ ಯಾರು ಬರುತ್ತಾರೆ? ಅಂಗಡಿಯೂ ಮುಚ್ಚಿತು. ಆ ಮನೆಯಲ್ಲಿ ಬೆಳೆದ ಹುಡುಗಿಗೆ ಬ್ರೆಡ್ಡಿನ ಅಂಗಡಿಯಲ್ಲಿ "ಇದು ನಿನ್ನೆಯದಲ್ವಾ?" ಎಂದು ಕೇಳುವುದಕ್ಕೂ ಎದೆ ಹೊಡೆದುಕೊಳ್ಳುತ್ತಿತ್ತು. ನಿನ್ನೆಯ ಬ್ರೆಡ್ಡನ್ನೇ ತಂದು, ಹಾಲಿನಲ್ಲಿ ಅದ್ದಿ ತಿನ್ನುತ್ತಿದ್ದಳು.

ಆ ಎದೆಬಡಿತ ನಿಲ್ಲುತ್ತಿದ್ದುದು ಒಂದೇ ಜಾಗದಲ್ಲಿ. ಅರ್ಗಿರೊಳ ಆಲಿವ್ ತೋಟದ ಕೆಳಗೆ, ಎರಡು ಬಂಡೆಗಳ ನಡುವೆ, ಅಂಜೂರದ ಮರವೊಂದು ನೀರಿಗೆ ಬಾಗಿದ ಪುಟ್ಟ ಕೊಲ್ಲಿ. ಹೆಸರು ಸಿಕ್ಯಾ. ಬೇಸಿಗೆಯ ಬೆಳಿಗ್ಗೆ ಆಕೆಯೂ ಊರಿನ ಇನ್ನೂ ನಾಲ್ಕೈದು ಹೆಂಗಸರೂ ಹುಲ್ಲಿನ ಟೋಪಿ ಹಾಕಿಕೊಂಡು ಕತ್ತಿನವರೆಗೆ ನೀರಿನಲ್ಲಿ ನಿಲ್ಲುತ್ತಿದ್ದರು. ಈಜು ಎಂದು ಕರೆಯುವಂಥದ್ದೇನೂ ಅಲ್ಲ, ನೀರಿನಲ್ಲಿ ನಡೆಯುವ ಹರಟೆಕಟ್ಟೆ. ಉಳಿದವರು ಮಾತಾಡುತ್ತಿದ್ದರು, ಅರ್ಗಿರೊ ಉಸಿರಾಡುತ್ತಿದ್ದಳು. ದಿನದ ಉಳಿದ ಹೊತ್ತಿನಲ್ಲಿ ಆಕೆ ಮಾಡುತ್ತಿದ್ದುದು ಉಸಿರು ಬಿಗಿಹಿಡಿಯುವ ಕೆಲಸ.

ಜುಲೈ ತಿಂಗಳ ಒಂದು ಬೆಳಿಗ್ಗೆ ಗೆಳತಿ ಝಾಂಬೆತಾ ನೀರಿಗಿಳಿಯುವ ಮೊದಲೇ ದಡದಿಂದ ಕೂಗಿದಳು. ಕೂಗುವುದೇ ಆಕೆಯ ಸಹಜ ದನಿ.

"ಏ ಅರ್ಗಿರೊ! ನಿನ್ನ ಸಿಕ್ಯಾನ ಮಾರ್ತಾ ಇದ್ದಾರಂತೆ, ಗೊತ್ತೇನೇ?"

"ಕಡಲನ್ನ ಯಾರು ಮಾರ್ತಾರೆ?"

"ಮಾರೋದಲ್ಲ, ಗುತ್ತಿಗೆ ಕೊಡೋದು. ನಮ್ಮ ಅಧ್ಯಕ್ಷನ ಅಳಿಯ ಇಲ್ಲಿ ಒರಗು ಕುರ್ಚಿ, ಬಿದಿರು ಕೊಡೆ ಎಲ್ಲ ಹಾಕ್ತಾನಂತೆ. ಸಂಗೀತ ಬೇರೆ. ಡುಬ್ ಡುಬ್ ಡುಬ್. ನಾವು ಮುದುಕೀರು ನೀರಲ್ಲಿ ನಿಂತ್ರೆ ಗಿರಾಕಿಗಳಿಗೆ ನೋಟ ಕೆಡುತ್ತಂತೆ!"

"ದಾರಿ ನನ್ನ ತೋಟದೊಳಗಲ್ವಾ ಇರೋದು?"

"ಅದನ್ನೇ ಊರಿನ ದಾರಿ ಅಂತ ಮಾಡ್ಕೊಳ್ತಾರೆ. ಭಾನುವಾರ ಸಭೆ ಇದೆ. ಯಾರೂ ತಕರಾರು ಹೇಳದಿದ್ರೆ ಪಾಸು. ಬಂದು ಒಂದು ಮಾತು ಹೇಳು."

"ನಾನಾ? ಸಭೇಲಾ?" ಅರ್ಗಿರೊ ಗಲ್ಲದವರೆಗೆ ನೀರಿಗಿಳಿದಳು.

"ಇನ್ಯಾರು, ಅಂಜೂರದ ಮರ ಬಂದು ಹೇಳುತ್ತಾ?"

"ನಿನಗೆ ಇಷ್ಟು ದೊಡ್ಡ ಗಂಟಲಿದೆ, ನೀನೇ ಹೇಳು."

"ತೋಟ ನಂದಾ? ನಾನು ಹೇಳಿದ್ರೆ 'ನಿನಗೇನಮ್ಮ ಸಂಬಂಧ' ಅಂತಾರೆ. ಇಪ್ಪತ್ತು ವರ್ಷದಿಂದ ನಂಗೆ ಅದನ್ನೇ ಅಂತಿರೋದು."

ಅರ್ಗಿರೊ ಮನೆಗೆ ಬಂದು ಟೊಮೆಟೊಗಳ ತಿರುಳು ತೆಗೆದು ಅಕ್ಕಿ ತುಂಬುತ್ತಾ ಯೋಚಿಸಿದಳು. ಸಭೆಗೆ ಹೋಗಬೇಕು, ಎದ್ದು ನಿಲ್ಲಬೇಕು, ಎಲ್ಲರೂ ತಿರುಗಿ ನೋಡುತ್ತಾರೆ, ಆಗ ಬಾಯಿಂದ ಒಂದು ಪೂರ್ಣ ವಾಕ್ಯ ಹೊರಬೀಳಬೇಕು. ಇಷ್ಟರಲ್ಲಿ ಯಾವ ಭಾಗವೂ ಆಕೆಗೆ ಸಾಧ್ಯವೆನ್ನಿಸಲಿಲ್ಲ. ಬರೆಯುವುದಾದರೆ ಬೇರೆ. ಬರೆದದ್ದು ಇನ್ನೊಬ್ಬರು ಓದುವ ಹೊತ್ತಿಗೆ ಬರೆದವರು ಮನೆಯೊಳಗೆ ಚಿಲಕ ಹಾಕಿಕೊಂಡಿರಬಹುದು. ಒಂದು ಬೋರ್ಡು ಹಾಕಿದರೆ?

ಅಕ್ಷರಗಳ ವಿಷಯದಲ್ಲಿ ಆಕೆ ಬಹಳ ಜಾಗರೂಕಳು. 'ಪ್ರವೇಶವಿಲ್ಲ' ಎಂದರೆ ಒರಟಾಗುತ್ತದೆ, ಕಡಲು ಎಲ್ಲರದ್ದು ಎಂದು ಕಾನೂನಿನವರೂ ಬರುತ್ತಾರೆ. ತಡೆಯಬೇಕಾದ್ದು ಜನರನ್ನಲ್ಲ, ವ್ಯಾಪಾರವನ್ನು. ಕಂಪನಿಗಳು ಬೇಡ, ಖಾಸಗಿಯಾಗಿ ಬರುವವರು ಬರಲಿ. ಹಾಗಾಗಿ ಮೊದಲ ಸಾಲು ಸಲೀಸಾಗಿ ಬಂತು: 'ಇಡಿಯೋತೆಸ್ ಮಾತ್ರ'. ಖಾಸಗಿ ವ್ಯಕ್ತಿಗಳಿಗೆ ಮಾತ್ರ. ಸಭ್ಯವಾಗಿತ್ತು, ಖಚಿತವಾಗಿತ್ತು, ಯಾರ ಮನಸ್ಸನ್ನೂ ನೋಯಿಸುವಂತಿರಲಿಲ್ಲ.

ಆದರೆ ಒರಗು ಕುರ್ಚಿಗೆ ಬರುವವರು ವಿದೇಶದವರು. ಅವರಿಗೆ ಅರ್ಥವಾಗಬೇಡವೇ? ಅರ್ಗಿರೊಳಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಶಾಲೆಯಲ್ಲಿ ಫ್ರೆಂಚ್ ಎಂಬ ವಿಷಯವಿತ್ತು, ಫ್ರೆಂಚ್ ಮೇಷ್ಟ್ರು ಮಾತ್ರ ಆಕೆ ಶಾಲೆ ಬಿಡುವ ತನಕ ವರ್ಗವಾಗಿ ಬರುತ್ತಲೇ ಇದ್ದರು, ಬರಲಿಲ್ಲ. ಆದರೇನಂತೆ? ಕಾಫಿ ಅಂಗಡಿಯ ಸಂಶೋಧನೆ ಬೀದಿಯವರೆಗೂ ಕೇಳಿಸುತ್ತಿತ್ತಲ್ಲ. ಟೆಲಿಫೋನ್ ಟೆಲಿಫೋನೇ, ಪ್ರಾಬ್ಲಮ್ ಪ್ರಾಬ್ಲಮ್ಮೇ. ಗ್ರೀಕ್ ಪದದ ಬಾಲ ಕತ್ತರಿಸಿದರೆ ಮುಗಿಯಿತು, ಇಂಗ್ಲಿಷ್ ಆಯಿತು. ಇಡಿಯೋತಿಸ್ ಪದದ ಬಾಲ ಕತ್ತರಿಸಿ ನೋಡಿದಳು. ಅಂಥ ಒಂದು ಪದವನ್ನು ಎಲ್ಲೋ ಕೇಳಿದ ನೆನಪೂ ಇತ್ತು. ಆದರೂ ಸುಮ್ಮನೆ ಬರೆಯುವ ಹೆಂಗಸಲ್ಲ. ಅಂಗಳದಲ್ಲಿ ಕಲ್ಲಂಗಡಿ ಕೊಯ್ಯುತ್ತಿದ್ದ ಗಂಡ ಸ್ತಾಥಿಸನನ್ನು ಕೇಳಿದಳು. ಆತ ಹಡಗುಗಳಲ್ಲಿ ಅಡುಗೆಯವನಾಗಿ ಲೋಕ ಸುತ್ತಿದವನು.

"ಈಡಿಯಟ್ ಅನ್ನೋ ಪದ ಇಂಗ್ಲಿಷಲ್ಲಿ ಇದೆಯಾ?"

"ಇಲ್ದೆ ಏನು? ದಿನಾ ಕೇಳಿದ್ದೀನಿ."

"ಖಾಸಗಿ ಅಂತ ತಾನೇ?"

"ಮತ್ತಿನ್ನೇನು. ನಮ್ಮ ಸ್ಕಾಟ್ಲೆಂಡ್ ಕ್ಯಾಪ್ಟನ್ ನನ್ನನ್ನ ಕರೀತಿದ್ದಿದ್ದೇ ಹಾಗೆ. ಇಡೀ ಹಡಗಲ್ಲಿ ಅಡುಗೆಯವರು ಮೂರು ಜನ. ಅವರಿಬ್ಬರಿಗೆ ಬರೀ ಹೆಸರು. ನಂಗೆ ಮಾತ್ರ, ಕಮ್ ಹಿಯರ್ ಈಡಿಯಟ್." ಸ್ತಾಥಿಸ್ ಚಾಕುವನ್ನು ಎದೆಗೆ ಒತ್ತಿಕೊಂಡ. "ಕ್ಯಾಪ್ಟನ್ನನ ಖಾಸಗಿ ಅಡುಗೆಯವ. ಅವನ ಸೂಪು ನಾನೇ ಮಾಡಬೇಕು."

"ನಿಜವಾಗ್ಲೂ?"

"ಸೂಪು ಕುಡಿದ ತಕ್ಷಣ ನನ್ನನ್ನೇ ಕೇಳ್ತಿದ್ದ ಅಂದ್ರೆ ನೋಡು."

ಇದಕ್ಕಿಂತ ಪುರಾವೆ ಇನ್ನೇನು ಬೇಕು? ಬಸ್ ನಿಲ್ದಾಣದ ಬೋರ್ಡಿನಲ್ಲಿ 'ಬಸ್ ಓನ್ಲಿ' ಎಂದಿದ್ದನ್ನು ನೋಡಿ ಬಂದಳು. ಶನಿವಾರದ ಹೊತ್ತಿಗೆ ತೋಟದ ಬಾಯಲ್ಲಿ, ದಾರಿ ಕಡಲಿಗೆ ಇಳಿಯುವ ಕಡೆ, ನೀಲಿ ಹಲಗೆಯ ಮೇಲೆ ಬಿಳಿ ಅಕ್ಷರಗಳು ನಿಂತವು. ಮೇಲೆ ಗ್ರೀಕ್ ಸಾಲು. ಕೆಳಗೆ, ವಿದೇಶೀಯರ ಅನುಕೂಲಕ್ಕಾಗಿ: 'ಈಡಿಯಟ್ಸ್ ಓನ್ಲಿ'. ಅಕ್ಷರಗಳು ಮುದ್ದಾಗಿದ್ದವು. ಬ್ಯಾಂಕಿನಲ್ಲೂ ಆಕೆಯ ಕೈಬರಹವನ್ನು ಎಲ್ಲರೂ ಹೊಗಳುತ್ತಿದ್ದರು.

ಆ ಭಾನುವಾರ ಸಭೆ ನಡೆಯಲಿಲ್ಲ. ಅಧ್ಯಕ್ಷ ಥ್ರಾಸಿವೂಲೊಸ್ ತನ್ನ ಗೆಳೆಯನ ಮಗುವಿನ ದೀಕ್ಷಾಸ್ನಾನಕ್ಕೆ ಹೋಗಿದ್ದ. ಊರಿನ ಭವಿಷ್ಯ ಆಗಸ್ಟಿಗೆ ಹೋಯಿತು. ಅರ್ಗಿರೊ ಇದು ಬೋರ್ಡಿನ ಪ್ರಭಾವವೆಂದೇ ತಿಳಿದು, ಅಂಜೂರದ ನೆರಳಿನಲ್ಲಿ ತೇಲುತ್ತಾ ತನ್ನ ಬುದ್ಧಿಗೆ ತಾನೇ ಮೆಚ್ಚಿದಳು.

ಮೆಚ್ಚುಗೆ ಒಂದು ವಾರ ಬಾಳಿತು. ಮೊದಲು ಬಂದವರು ಇಬ್ಬರು ಹುಡುಗಿಯರು. ಬೋರ್ಡನ್ನು ಓದಿದರು, ಒಬ್ಬರನ್ನೊಬ್ಬರು ನೋಡಿಕೊಂಡರು, ನೆಲಕ್ಕೆ ಕುಸಿಯುವಷ್ಟು ನಕ್ಕರು, ಅದರ ಕೆಳಗೆ ನಿಂತು ಫೋಟೋ ತೆಗೆದುಕೊಂಡರು. ಎಷ್ಟು ಸಂತೋಷದ ಜನ ಎಂದುಕೊಂಡಳು ಅರ್ಗಿರೊ. ಮಾರನೆಯ ದಿನ ಒಂದು ಕುಟುಂಬ ಬಂತು. ಆಮೇಲೆ ಮೋಟಾರ್‌ಸೈಕಲ್‌ಗಳು. ಅದಾದ ಮೇಲೆ ಒಂದು ಬಸ್ಸು. ಜರ್ಮನರು ಸಾಲಾಗಿ ನಿಂತು ಬೋರ್ಡಿನ ಕೆಳಗೆ ಒಬ್ಬೊಬ್ಬರಾಗಿ ಫೋಟೋ ತೆಗೆಸಿಕೊಂಡರು. ಇಟಲಿಯವರು ಸಾಲನ್ನು ಲೆಕ್ಕಕ್ಕಿಡದೆ ತೆಗೆಸಿಕೊಂಡರು. ಒಬ್ಬ ಗಂಡ ಹೆಂಡತಿಯನ್ನು ಈಚೆ ನಿಲ್ಲಿಸಿ ತಾನೊಬ್ಬನೇ ಒಳಗೆ ಹೋದ. ಇನ್ನೊಬ್ಬ ಹೆಂಡತಿಯನ್ನು ಮುಂದೆ ಕಳಿಸಿ ತಾನು ಹೊರಗೇ ನಿಂತು ಕೈಮುಗಿದ. ಫೋಟೋಗಳು ಹೋದ ಕಡೆಯೆಲ್ಲ ಜನರನ್ನು ಎಳೆದು ತಂದವು. ಯಾರೂ ಕಾಣದಿದ್ದ ಸಿಕ್ಯಾ ಈಗ ಯಾರೂ ಕಾಣದೆ ಹೋಗಬಾರದ ಸ್ಥಳಗಳ ಪೈಕಿ ಸೇರಿತು.

ಹುಲ್ಲಿನ ಟೋಪಿಯ ಹೆಂಗಸರು ಬಂಡೆಯ ಮೂಲೆಗೆ ಒತ್ತಿಕೊಂಡು ನಿಂತರು.

"ಏನು ಬರ್ದಿದ್ದೀಯೇ ಮಾರಾಯ್ತಿ, ಬಿಟ್ಟಿ ಊಟ ಅಂತೇನಾದ್ರೂ ಬರ್ದಿದ್ದೀಯಾ?" ಎಂದಳು ಝಾಂಬೆತಾ. ಮೇಲಿಂದ ಯಾರೋ ಬೀಸಿದ ಚೆಂಡು ಆಕೆಯ ಟೋಪಿಗೆ ಬಡಿಯಿತು.

"ಖಾಸಗಿ ಅಂತ ಬರ್ದಿದ್ದೀನಿ."

"ಖಾಸಗಿ ಅಂದ್ರೆ ಇಷ್ಟು ಜನಾನಾ? ಹಾಗಾದ್ರೆ ಸಾರ್ವಜನಿಕ ಅಂತ ಬರಿ, ಖಾಲಿ ಆಗುತ್ತೋ ನೋಡೋಣ."

ಅಧ್ಯಕ್ಷ ಥ್ರಾಸಿವೂಲೊಸ್ ಸ್ವತಃ ಬಂದು ನೋಡಿದ. ಅಕ್ಟೋಬರಿನಲ್ಲಿ ಚುನಾವಣೆಯಿತ್ತು. ಆತ ಜನಸಂದಣಿಯನ್ನು ಕಂಡು, ಹೊಟ್ಟೆ ಒಳಗೆಳೆದುಕೊಂಡು, ಬೋರ್ಡಿನ ಕೆಳಗೆ ನಿಂತು ಹೆಬ್ಬೆರಳೆತ್ತಿ ಫೋಟೋ ತೆಗೆಸಿಕೊಂಡ. ಊರಿನ ಜಾಲತಾಣದ ಪುಟದಲ್ಲಿ ಅದನ್ನು ಹಾಕಿ, 'ನಾನು ನಿಮ್ಮವನು, ಇಲ್ಲಿಯವನು' ಎಂದು ಬರೆದ. ಆತ ಜೀವಮಾನದಲ್ಲಿ ಕಂಡಿರದಷ್ಟು ಮೆಚ್ಚುಗೆ ಬಂತು, ಅದೂ ನಾರ್ವೆಯಿಂದ.

"ಕಿರಿಯಾ ಅರ್ಗಿರೊ," ಎಂದ ಆತ, ಶ್ರೀಮತಿ ಎಂಬರ್ಥದ ಆ 'ಕಿರಿಯಾ'ವನ್ನು ರೇಷ್ಮೆ ದನಿಯಲ್ಲಿ ಎಳೆದು, "ಅಭಿವೃದ್ಧಿ ಅಂದ್ರೆ ಇದು. ನೀವು ಸುಮ್ನಿದ್ದೂ ಎಂಥ ಕೆಲಸ ಮಾಡಿದ್ರಿ! ಬರೋ ಭಾನುವಾರ ಸಭೇಲಿ ನಿಮಗೊಂದು ಚಪ್ಪಾಳೆ ಹೊಡೆಸಿ, ನೇರ ಗುತ್ತಿಗೆಗೆ ಹಾಕ್ತೀನಿ. ನಿಮಗೆ ತಕರಾರಿಲ್ಲ ಅಂತ ಎಲ್ರಿಗೂ ಹೇಳಿದ್ದೀನಿ."

ತಕರಾರಿದೆ ಎಂದು ಅರ್ಗಿರೊಳ ಇಡೀ ಮೈ ಹೇಳಿತು, ಬಾಯೊಂದನ್ನು ಬಿಟ್ಟು. ಬಾಯಿ "ಸರಿ" ಎಂದಿತು. ಅಪ್ಪನ ದನಿಯಲ್ಲೇ.

ಅಂದು ಮಧ್ಯಾಹ್ನ ಆಕೆಯ ಬಾಗಿಲು ತಟ್ಟಿದವನು ನಾರ್ಮನ್. ಹದಿನೈದು ದಿನದ ರಜೆಗೆಂದು ಬಂದು ಹದಿನೈದು ವರ್ಷದಿಂದ ಊರಿನಲ್ಲೇ ಉಳಿದ ಇಂಗ್ಲಿಷಿನವನು. ಲಂಡನ್ನಿನ ಯಾವುದೋ ಶಾಲೆಯಲ್ಲಿ ಪ್ರಾಚೀನ ಗ್ರೀಕ್ ಕಲಿಸುತ್ತಿದ್ದವನು; ಈಗಿನ ಗ್ರೀಕ್ ಕಲಿಯುವುದನ್ನು ಒಂದು ರೀತಿಯ ಅವನತಿ ಎಂದೇ ಭಾವಿಸಿದ್ದ. ಬ್ರೆಡ್ಡಿನ ಅಂಗಡಿಗೆ ಹೋಗಿ ಎರಡು ಸಾವಿರದ ನಾನೂರು ವರ್ಷ ಹಿಂದಿನ ಭಾಷೆಯಲ್ಲಿ ಬ್ರೆಡ್ ಕೇಳುತ್ತಿದ್ದ. ಅಂಗಡಿಯವಳು ಪಾಪ, ಪಾದ್ರಿಯ ಹತ್ತಿರ ಮಾತಾಡುವಂತೆ ತಲೆ ಬಾಗಿಸಿ ನಿನ್ನೆಯದನ್ನು ಕೊಡುತ್ತಿದ್ದಳು.

"ಮಾನ್ಯೆಯೇ," ಎಂದ ನಾರ್ಮನ್, ಟೋಪಿ ತೆಗೆದು. "ತಮ್ಮ ಫಲಕದ ದ್ವಿತೀಯ ಪಂಕ್ತಿಯ ಅರ್ಥವನ್ನು ತಾವು ಬಲ್ಲಿರಾ ಎಂದು ವಿನಯಪೂರ್ವಕ ಪ್ರಶ್ನಿಸುವೆನು."

"ಖಾಸಗಿಯವರಿಗೆ ಮಾತ್ರ ಅಂತ. ಯಾಕೆ, ಕಾಗುಣಿತ ತಪ್ಪಿದೆಯಾ?"

"ಕಾಗುಣಿತವು ನಿರ್ದುಷ್ಟ. ಅದೇ ದುರ್ದೈವ." ಆತ ಕೆಂಪಾದ. "ನಮ್ಮ ನುಡಿಯಲ್ಲಿ ಆ ಪದಕ್ಕೆ... ಮತಿಹೀನ ಎಂದರ್ಥ."

ಅರ್ಗಿರೊ ಅರ್ಥವಾಗದೆ ಗಂಡನ ಕಡೆ ನೋಡಿದಳು. ಸ್ತಾಥಿಸ್ ಕುರ್ಚಿಯಿಂದ ನಿಧಾನವಾಗಿ ಎದ್ದ.

"ಮತಿಹೀನ ಅಂದ್ರೆ?" ಎಂದ.

"ಪೆದ್ದ," ಎಂದ ನಾರ್ಮನ್. ಹದಿನೈದು ವರ್ಷದಲ್ಲಿ ಆತ ಆಡಿದ ಮೊದಲ ಆಡುಮಾತು ಅದು.

ಸ್ತಾಥಿಸ್ ಕಡಲಿನ ಕಡೆ ತಿರುಗಿ ನಿಂತ. ಇಡೀ ಹಿಂದೂ ಮಹಾಸಾಗರವನ್ನು, ಬಂದರು ಬಂದರಾಗಿ, ಮತ್ತೊಮ್ಮೆ ದಾಟುತ್ತಿರುವಂತಿತ್ತು ಅವನ ಮುಖ. "ಹನ್ನೊಂದು ವರ್ಷ ಅವನಿಗೆ ಸೂಪು ಮಾಡಿ ಹಾಕಿದ್ದೀನಿ," ಎಂದು ಕಡೆಗೆ ಹೇಳಿ, ಒಳಗೆ ಹೋಗಿ ಮಲಗಿದ.

"ಅದು ನಮ್ಮ ಪದ ಅಲ್ವಾ?" ಅರ್ಗಿರೊ ಕೇಳಿದಳು. "ನಮ್ಮ ಮನೆಯಿಂದ ಹೋದಾಗ ಚೆನ್ನಾಗೇ ಇತ್ತಲ್ಲ!"

ನಾರ್ಮನ್ ಹೇಳಿದ. ಹಳೆಯ ಅಥೆನ್ಸಿನಲ್ಲಿ ಊರಿನ ಕೆಲಸವನ್ನು ಜನರೇ ಸಭೆ ಸೇರಿ ಮಾಡುತ್ತಿದ್ದರು. ಯಾವ ಹುದ್ದೆಯನ್ನೂ ಹೊರದೆ ತನ್ನ ಮನೆ, ತನ್ನ ಮೇಕೆ, ತನ್ನ ಎಣ್ಣೆ ಎಂದಿದ್ದವನು ಇಡಿಯೋತಿಸ್. ಮೊದಲು ಬೈಗುಳವೇನಲ್ಲ. ಆದರೆ ಹುದ್ದೆಯಿಲ್ಲದವನಿಗೆ ಆ ಕೆಲಸದ ಪಳಗುವಿಕೆಯೂ ಇರುವುದಿಲ್ಲವಲ್ಲ. ಹಾಗೆ ಪದ 'ಕಸುಬು ತಿಳಿಯದವನು' ಎಂಬಲ್ಲಿಗೆ ಜಾರಿತು. ರೋಮಿನವರು ಎತ್ತಿಕೊಂಡು ಹೋದರು, ಅವರಲ್ಲಿ ಅದು 'ಓದುಬರಹ ತಿಳಿಯದವನು' ಆಯಿತು. ಅಲ್ಲಿಂದ ಫ್ರೆಂಚರ ಕೈಗೆ, ಫ್ರೆಂಚರಿಂದ ಇಂಗ್ಲಿಷರಿಗೆ. ಅಲ್ಲಿ ತಲುಪುವ ಹೊತ್ತಿಗೆ ಪಾಪದ ಪದದ ತಲೆಯೊಳಗೆ ಏನೂ ಉಳಿದಿರಲಿಲ್ಲ.

"ನಾವು ತಮ್ಮಿಂದ ಕೊಂಡೊಯ್ದು ಕೆಡಿಸಿದೆವು. ಕ್ಷಮೆಯಿರಲಿ," ಎಂದ ನಾರ್ಮನ್.

"ಪದ ಒಂದನ್ನೇ ಕೊಂಡೊಯ್ದಿದ್ದು ಅನ್ನೋ ಹಾಗೆ ಹೇಳ್ತೀರಲ್ಲ," ಎಂದಳು ಅರ್ಗಿರೊ. "ಅಥೆನ್ಸಿನ ಗುಡಿಯ ಗೋಡೆ ಮೇಲಿದ್ದ ಕೆತ್ತನೆ ಕಲ್ಲುಗಳೂ ನಿಮ್ಮೂರಿನ ಮ್ಯೂಸಿಯಮ್ಮಲ್ಲೇ ಇವೆ."

ಮಾತು ಬಾಯಿಂದ ಬಿದ್ದ ಮೇಲೆ ಆಕೆಗೇ ಗಾಬರಿಯಾಯಿತು. ಪೂರ್ಣ ವಾಕ್ಯ, ಅದೂ ಎದುರಿದ್ದವನ ಮುಖಕ್ಕೆ! ಆಕಾಶ ಕಳಚಿ ಬೀಳಲಿಲ್ಲ. ನಾರ್ಮನ್ ಇನ್ನಷ್ಟು ಕೆಂಪಾದ, ಅಷ್ಟೇ. "ನ್ಯಾಯವಾದ ಮಾತು," ಎಂದ.

ಆತ ಹೋದ ಮೇಲೆ ಆಕೆ ಸುಣ್ಣದ ಡಬ್ಬಿ, ಬ್ರಷ್ ಹಿಡಿದು ಬೋರ್ಡಿನವರೆಗೆ ಹೋದಳು. ಅಳಿಸಿಬಿಟ್ಟರೆ ನಾಚಿಕೆ ಮುಗಿಯುತ್ತದೆ, ಕುರ್ಚಿಗಳು ಮಾತ್ರ ಬರುತ್ತವೆ. ಜನ ದಾರಿ ಕಲಿತಾಗಿದೆ. ಬ್ರಷ್ ಎತ್ತಿದವಳು ಬೋರ್ಡಿನ ಕೆಳಗಿನ ಜಾಗವನ್ನು ನೋಡಿದಳು. ಅಧ್ಯಕ್ಷ ಹೆಬ್ಬೆರಳೆತ್ತಿ ನಿಂತಿದ್ದ ಜಾಗ. ಸ್ವಲ್ಪ ಹೊತ್ತು ನೋಡುತ್ತಲೇ ಇದ್ದಳು. ಆಮೇಲೆ ಬ್ರಷ್ಷನ್ನು ಒಣಗಿದ್ದ ಹಾಗೆಯೇ ಮನೆಗೆ ವಾಪಸ್ಸು ತಂದಳು.

ಸಭೆ ಹಳೆಯ ಶಾಲೆಯಲ್ಲಿ. ಮಕ್ಕಳಿಲ್ಲದೆ ಶಾಲೆ ಮುಚ್ಚಿತ್ತು, ಮಕ್ಕಳ ಕುರ್ಚಿಗಳು ಉಳಿದಿದ್ದವು. ಊರಿನ ಹಿರಿಯರೆಲ್ಲ ಅವುಗಳ ಮೇಲೆ, ಮೊಣಕಾಲು ಗಲ್ಲಕ್ಕೆ ತಾಗುವಂತೆ, ಪ್ರಜಾಪ್ರಭುತ್ವ ನಡೆಸಲು ಕೂತಿದ್ದರು. ಅರ್ಗಿರೊ ಒಳಗೆ ಬಂದಾಗ ಮಾತು ನಿಂತಿತು. ಆಕೆ ಸತ್ತವರ ಮನೆಗೆ ಬಿಟ್ಟು ಬೇರೆ ಸಭೆಗೆ ಬಂದಿದ್ದನ್ನು ಯಾರೂ ಕಂಡಿರಲಿಲ್ಲ.

"ಯಾರು ಹೋದ್ರು?" ಎಂದು ಹಿಂದಿನ ಸಾಲಿನ ಮುದುಕನೊಬ್ಬ ಪಿಸುಗುಟ್ಟಿದ.

ಮೊದಲು ಒಂದು ಗಂಟೆ ಕತ್ತೆಯೊಂದರ ವಿಚಾರ ನಡೆಯಿತು. ಯಾರ ಕತ್ತೆ ಯಾರ ಬೇಲಿ ಹಾರಿತೆಂಬುದು ಇತ್ಯರ್ಥವಾಗಲಿಲ್ಲ. ಕತ್ತೆ ಹೋದ ವರ್ಷವೇ ಸತ್ತಿತ್ತೆಂಬುದು ಮಾತ್ರ ಸ್ಪಷ್ಟವಾಯಿತು. ಅರ್ಗಿರೊ ಗೋಡೆಗೊರಗಿ ನೋಡುತ್ತಿದ್ದಳು. ಸಭೆಗೆ ಬಾರದವರು ಹಳೆಯ ಅರ್ಥದಲ್ಲಿ ಈಡಿಯಟ್‌ಗಳು, ಬಂದವರು ಹೊಸ ಅರ್ಥದಲ್ಲಿ. ಅಂತೂ ಊರಿನಲ್ಲಿ ಆ ಪದದಿಂದ ತಪ್ಪಿಸಿಕೊಂಡವರು ಯಾರೂ ಇರಲಿಲ್ಲ. ಹಾಗನ್ನಿಸಿದಾಗ ಆಕೆಗೆ ತುಸು ಧೈರ್ಯ ಬಂತು.

"ಇನ್ನು ಸಿಕ್ಯಾ," ಎಂದ ಥ್ರಾಸಿವೂಲೊಸ್. "ದಾರಿ ಊರಿನದ್ದಾಗುತ್ತೆ, ಕುರ್ಚಿಗಳು ಬರ್ತವೆ, ವ್ಯಾಪಾರ ಬರುತ್ತೆ. ನಾವೆಲ್ಲ ನಮ್ಮ ಕಿರಿಯಾ ಅರ್ಗಿರೊಗೆ ಚಪ್ಪಾಳೆ ಹೊಡೀಬೇಕು. ಅವರ ತಕರಾರೇನೂ ಇಲ್ಲ. ಇದ್ದಿದ್ರೆ ಹೇಳ್ತಿದ್ರು, ಅಲ್ವಾ ಕಿರಿಯಾ?"

ಚಪ್ಪಾಳೆ ಬಿತ್ತು. ಎಲ್ಲರೂ ತಿರುಗಿ ನೋಡಿದರು. ಅರ್ಗಿರೊಳ ಕಿವಿಯಲ್ಲಿ ಕಡಲು ಮೊರೆಯಿತು; ಅದರ ಹಿಂದೆ ಎಲ್ಲೋ ರೇಡಿಯೋದಲ್ಲಿ ಬ್ಯಾಂಡು. ಬಾಯಿ 'ಸ' ಎಂಬ ಅಕ್ಷರಕ್ಕೆ ಸಿದ್ಧವಾಗಿಯೇಬಿಟ್ಟಿತ್ತು. ಝಾಂಬೆತಾ ಪಕ್ಕದಿಂದ ಚಿವುಟಿದಳು.

"ಸ... ಸಲ್ಲದು," ಎಂದಳು ಅರ್ಗಿರೊ.

"ಏನಂದ್ರಿ?"

"ನಂಗೆ ತಕರಾರಿದೆ." ದನಿ ತೆಳ್ಳಗೆ ನಡುಗುತ್ತಿತ್ತು, ಆದರೆ ನಿಲ್ಲಲಿಲ್ಲ. "ಕಡಲು ಎಲ್ಲರದ್ದು. ದಾರಿ ನಂದು. ನಡೆಯೋಕೆ ನಾನು ಯಾವತ್ತೂ ಬೇಡ ಅಂದಿಲ್ಲ. ಗುತ್ತಿಗೆಗೆ ಕೊಡಲ್ಲ."

"ಅಯ್ಯೋ ಕಿರಿಯಾ, ನಿಮ್ಮ ಬೋರ್ಡಿಂದಾನೇ ಜನ ಬರ್ತಿರೋದು! ಜನರಿಗೆ ಬೋರ್ಡು ಇಷ್ಟ ಆಗಿದೆ!"

"ನಿಮಗೂ ಇಷ್ಟ ಆಗಿದೆ. ಫೋಟೋ ನೋಡಿದೆ."

"ಹೌದು ಮತ್ತೆ!" ಥ್ರಾಸಿವೂಲೊಸ್ ಸುತ್ತಲೂ ನಕ್ಕ. "ನಾರ್ವೆಯವರೆಲ್ಲ ಮೆಚ್ಚಿದ್ದಾರೆ."

"ನಾರ್ಮನ್ ಅವರೇ," ಎಂದಳು ಅರ್ಗಿರೊ, ಕಿಟಕಿಯ ಬಳಿ ಕೂತಿದ್ದವನ ಕಡೆ ತಿರುಗಿ, "ನಮ್ಮ ಬೋರ್ಡಿನ ಇಂಗ್ಲಿಷ್ ಸಾಲನ್ನ ಇವರಿಗೆಲ್ಲ ಒಂದ್ಸಲ ಹೇಳಿ. ಹಳೇ ಭಾಷೇಲಿ ಬೇಡ."

ನಾರ್ಮನ್ ಮಕ್ಕಳ ಕುರ್ಚಿಯಿಂದ ಏಳಲು ಹೋದ. ಕುರ್ಚಿಯೂ ಜೊತೆಯಲ್ಲೇ ಎದ್ದಿತು. ಅದನ್ನು ಬಿಡಿಸಿಕೊಂಡು, ಗಂಟಲು ಸರಿಮಾಡಿಕೊಂಡು, "ಪೆದ್ದರಿಗೆ ಮಾತ್ರ," ಎಂದ.

ಕತ್ತೆಯ ಇಬ್ಬರೂ ವಾರಸುದಾರರು ಮೊದಲ ಬಾರಿ ಒಟ್ಟಿಗೆ ನಕ್ಕರು. ಆಮೇಲೆ ಇಡೀ ಕೋಣೆ ನಕ್ಕಿತು. ಯಾರೋ ಫೋನು ತೆಗೆದು, ಅಧ್ಯಕ್ಷರ ಹೆಬ್ಬೆರಳನ್ನು ಕೈಯಿಂದ ಕೈಗೆ ದಾಟಿಸಿದರು. 'ನಾನು ನಿಮ್ಮವನು, ಇಲ್ಲಿಯವನು' ಎಂದು ಝಾಂಬೆತಾ ಬೀದಿಗೆ ಕೇಳುವಂತೆ ಓದಿದಳು.

"ಆ ಬೋರ್ಡು ಇವತ್ತೇ ಕೆಳಗಿಳೀಬೇಕು!" ಎಂದ ಥ್ರಾಸಿವೂಲೊಸ್.

"ಯಾಕೆ? ಪದ ನಮ್ದೇ. ಗ್ರೀಕ್," ಎಂದಳು ಅರ್ಗಿರೊ. ಉಸಿರು ಸಲೀಸಾಗಿ ಆಡುತ್ತಿರುವುದನ್ನು ಕಂಡು ಆಕೆಗೆ ಆಶ್ಚರ್ಯವಾಗುತ್ತಿತ್ತು. ಇಲ್ಲಿ ನೀರೇ ಇರಲಿಲ್ಲ. "ಕುರ್ಚಿ ಬಂದ್ರೆ ಬೋರ್ಡು ಇನ್ನೂ ದೊಡ್ಡದು ಮಾಡಿಸ್ತೀನಿ. ದೀಪ ಹಾಕಿಸ್ತೀನಿ. ಉದ್ಘಾಟನೆಗೆ ನೀವು ಅದರ ಕೆಳಗೇ ಬರಬೇಕು, ಬೇರೆ ದಾರಿ ಇಲ್ಲ. ನಿಮ್ಮ ಅಳಿಯನೂ ದಿನಾ ಅಲ್ಲೇ ಬರಬೇಕು. ಬರಲಿ, ನಾನು ತಡೆಯಲ್ಲ. ಅರ್ಹತೆ ಇದ್ದವರು ಬರಬಹುದು."

"ಕುರ್ಚಿ ಬರದಿದ್ರೆ?"

"ಇಂಗ್ಲಿಷ್ ಸಾಲಿಗೆ ಸುಣ್ಣ ಹಚ್ತೀನಿ. ನೀವು ಫೋಟೋ ತೆಗೆದುಹಾಕಿ. ಮುಂದಿನ ಬೇಸಿಗೆ ಹೊತ್ತಿಗೆ ನಾರ್ವೆಯವರು ಮರೀತಾರೆ."

ಥ್ರಾಸಿವೂಲೊಸ್ ಅಕ್ಟೋಬರನ್ನು ನೆನೆದು, ಅಳಿಯನನ್ನು ನೆನೆದು, ತಕ್ಕಡಿ ಯಾವ ಕಡೆ ವಾಲಿತೆಂದು ಮುಖದಲ್ಲೇ ತೋರಿಸಿ, ವಿಷಯವನ್ನು ಹೆಚ್ಚಿನ ಅಧ್ಯಯನಕ್ಕಾಗಿ ಮುಂದೂಡಲಾಗಿದೆ ಎಂದು ಸಾರಿದ. ಪಲ್ಯೊಮಿಲೊಸ್‌ನಲ್ಲಿ ಹೆಚ್ಚಿನ ಅಧ್ಯಯನಕ್ಕೆ ಹೋದದ್ದು ಯಾವುದೂ ಮರಳಿ ಬಂದಿದ್ದಿಲ್ಲ. ಶಾಲೆಯ ಸೂರಿನ ರಿಪೇರಿ ಶಾಲೆ ಮುಚ್ಚುವ ಮೊದಲಿನಿಂದಲೂ ಅಲ್ಲೇ ಇತ್ತು.

ಗೆಲುವಿನ ದಂಡವನ್ನೂ ಅರ್ಗಿರೊ ಕೂಡಲೇ ತೆತ್ತಳು. ಸಭೆಯಿಂದ ಹೊರಬರುವ ಮೊದಲೇ ಇಬ್ಬರು ತಡೆದು, ಕತ್ತೆಯ ವಿಷಯದಲ್ಲಿ ಆಕೆಯ ಅಭಿಪ್ರಾಯ ಕೇಳಿದರು.

ಮಾರನೆಯ ಬೆಳಿಗ್ಗೆ ಆಕೆ ಕೊಟ್ಟ ಮಾತಿನಂತೆ ಕೆಳಗಿನ ಸಾಲಿಗೆ ಸುಣ್ಣ ಬಳಿದಳು. ಸ್ತಾಥಿಸ್ ಏಣಿ ಹಿಡಿದು ನಿಂತಿದ್ದ.

"ಸೂಪು ನಿಜಕ್ಕೂ ಚೆನ್ನಾಗಿತ್ತು ಕಣೇ," ಎಂದ ಆತ, ಯಾರೂ ಕೇಳದಿದ್ದರೂ.

"ಗೊತ್ತು. ನಾನೂ ಕುಡಿದಿದ್ದೀನಿ," ಎಂದಳು ಅರ್ಗಿರೊ. ಸೂಪಿನ ಬಗ್ಗೆ ಆಕೆಗೆ ಬೇರೆ ಅಭಿಪ್ರಾಯವಿತ್ತು, ಆದರೆ ಹೊಸದಾಗಿ ಬಂದ ಧೈರ್ಯವನ್ನು ಎಲ್ಲ ಕಡೆ ಖರ್ಚು ಮಾಡಬೇಕೆಂದೇನೂ ಇಲ್ಲ.

ಟೋಪಿ ಹಾಕಿಕೊಂಡು ಕೊಲ್ಲಿಗೆ ಇಳಿದಳು. ಫೋಟೋದವರು ಇನ್ನೂ ಎದ್ದಿರಲಿಲ್ಲ. ಹೆಂಗಸರು ಆಗಲೇ ಕತ್ತಿನವರೆಗೆ ನೀರಿನಲ್ಲಿದ್ದರು.

"ನಿಲ್ಲೇ ಅಲ್ಲೇ!" ಝಾಂಬೆತಾ ನೀರಿನಿಂದ ಕೈ ಎತ್ತಿದಳು. "ಬೋರ್ಡು ಓದ್ಲಿಲ್ವಾ? ಇಡಿಯೋತೆಸ್ ಮಾತ್ರ. ನೀನು ಸಭೇಲಿ ಮಾತಾಡಿದೋಳು, ಊರಿನ ವ್ಯವಹಾರ ಮಾಡಿದೋಳು. ನೀನೆಲ್ಲಿ ಖಾಸಗಿ? ನಿಂಗೆ ಪ್ರವೇಶ ಇಲ್ಲ."

ಅರ್ಗಿರೊ ದಡದಲ್ಲಿ ಚಪ್ಪಲಿ ಬಿಡುತ್ತಾ ಯೋಚಿಸಿದಳು.

"ಹಾಗಾದ್ರೆ ಇಂಗ್ಲಿಷ್ ಸಾಲಿನ ಲೆಕ್ಕದಲ್ಲಿ ಬರ್ತೀನಿ."

"ಅದಕ್ಕೆ ಸುಣ್ಣ ಬಳಿದ್ಯಲ್ಲೇ!"

"ಇನ್ನೂ ಒಣಗಿಲ್ಲ," ಎಂದು ಅರ್ಗಿರೊ ನೀರಿಗಿಳಿದಳು.